ಕಂಡರಿಯದ ಹುಳ: ಕೊಲ್ಲುವ ಮೊದಲು ಗುರುತಿಸಿ

ಮೊದಲ ಮಳೆ ಬಿದ್ದಿತೆಂದರೆ ಸೋಂದಾ ಸುತ್ತಿನ ಮನೆಗಳಲ್ಲಿ ದೀಪ ಹಚ್ಚುವಂತಿಲ್ಲ. ರೆಕ್ಕೆ ಬಂದ ಒರಲೆ, ದುಂಬಿ, ಹೆಸರೇ ತಿಳಿಯದ ಹುಳಹುಪ್ಪಟೆಗಳೆಲ್ಲ ಜಗಲಿಗೆ ಬಂದು ಬೀಳುತ್ತವೆ. ಇವುಗಳಲ್ಲಿ ಬಹುಪಾಲು ಬೆಳೆಯ ತಂಟೆಗೆ ಬಾರದವು. ಆದರೂ ಹೊಸ ಹುಳ ಕಂಡೊಡನೆ ಪಂಪು ಹೊರುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಔಷಧಿಯ ಹಣ ಹೋಗುವುದು ಒಂದು ನಷ್ಟ. ನಮ್ಮ ಪರವಾಗಿ ದುಡಿಯುವ ಹುಳವನ್ನೇ ಕೊಂದುಕೊಳ್ಳುವುದು ಅದಕ್ಕಿಂತ ದೊಡ್ಡ ನಷ್ಟ.

ಅಡಿಕೆಯ ನಡುವೆ ಕಾಫಿ ಹಾಕಿದವರಿಗೆ ಹಿಟ್ಟು ತಿಗಣೆ ಗೊತ್ತಿದೆ. ಎಳೆ ಚಿಗುರಿನಲ್ಲಿ, ಕಾಯಿಗೊಂಚಲಿನಲ್ಲಿ ಹಿಟ್ಟು ಮೆತ್ತಿದಂತೆ ಗುಂಪಾಗಿ ಕೂತಿರುತ್ತದೆ. ಕೆಲವೊಮ್ಮೆ ಆ ಗುಂಪಿನ ನಡುವೆ ತುಸು ದೊಡ್ಡದಾದ, ಮೈತುಂಬ ಬಿಳಿ ಮೇಣದ ಎಳೆಗಳು ಜೋಲುವ ಹುಳವೊಂದು ಓಡಾಡುತ್ತದೆ. ಕಂಡವರು ‘ತಿಗಣೆ ಬಲಿತು ದೊಡ್ಡದಾಗಿದೆ’ ಎಂದುಕೊಂಡು ಗಾಬರಿಯಾಗುತ್ತಾರೆ. ವಾಸ್ತವದಲ್ಲಿ ಅದು ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳದ ಮರಿ. ಕಾಫಿಯ ಹಸಿರು ಶಲ್ಕ ಕೀಟವನ್ನು ಹತೋಟಿಗೆ ತರಲೆಂದು 1898ರಲ್ಲಿ ಇದನ್ನು ಆಸ್ಟ್ರೇಲಿಯಾದಿಂದ ತರಿಸಿದ್ದರು. ಬಂದ ಕೆಲಸಕ್ಕೆ ಅದು ಒದಗಲಿಲ್ಲ. ಹಿಟ್ಟು ತಿಗಣೆಯ ಮೇಲೆ ಬದುಕಿಕೊಂಡು ಈ ನಾಡಿನದೇ ಆಗಿಹೋಯಿತು. ಪರೀಕ್ಷೆ ಸುಲಭ. ಕಡ್ಡಿಯಿಂದ ಮುಟ್ಟಿ ನೋಡಿ. ತಿಗಣೆ ಕದಲುವುದೇ ಕಷ್ಟ, ಇದು ಚುರುಕಾಗಿ ನಡೆದು ಹೋಗುತ್ತದೆ. ಇದು ಇರುವ ಗಿಡಕ್ಕೆ ಔಷಧಿ ಹೊಡೆಯಬೇಡಿ. ಆದರೆ ಗಿಡಕ್ಕೆ ಹತ್ತುವ ಇರುವೆಗಳನ್ನು ತಡೆಯಿರಿ. ತಿಗಣೆ ಸುರಿಸುವ ಸಿಹಿರಸದ ಆಸೆಗೆ ಅವು ಗುಲಗಂಜಿ ಹುಳವನ್ನು ಓಡಿಸುತ್ತವೆ.

ಇನ್ನು ಮಣ್ಣಿನ ಬಿಳಿ ಹುಳ. ಗೊಬ್ಬರಗುಂಡಿ ಬಗೆಯುವಾಗ ಬಾಗಿ ಮುದುರಿಕೊಂಡ ದಪ್ಪ ಹುಳ ಕಂಡರೆ ಅದೆಲ್ಲ ಬೇರುಹುಳವೆಂದು ತಿಳಿಯಬೇಕಿಲ್ಲ. ಸಮನೆಲದ ಮೇಲೆ ಬಿಡಿ. ಮಗುಚಿ, ಕಾಲು ಮೇಲೆ ಮಾಡಿ, ಬೆನ್ನಿನ ಮೇಲೆಯೇ ತೆವಳಿದರೆ ಅದು ಕೊಳೆತ ಸೊಪ್ಪು ತಿನ್ನುವ ಹೂದುಂಬಿಯ ಮರಿ. ಗೊಬ್ಬರವಾಗಲು ಅದರಿಂದ ಸಹಾಯವೇ ಹೊರತು ತೊಂದರೆಯಿಲ್ಲ. ಅಲ್ಲಿಯೇ ಸಿಗುವ ಹೆಬ್ಬೆರಳು ಗಾತ್ರದ್ದು ಕುರುವಾಯಿ ದುಂಬಿಯ ಮರಿ ಇರಬಹುದು. ತೆಂಗು ಇದ್ದವರು ಅದನ್ನು ಆರಿಸಿ ಕೊಲ್ಲಲೇಬೇಕು. ನಿಜವಾದ ಬೇರುಹುಳ ಸಿಗುವುದು ಅಡಿಕೆ ಮರದ ಬುಡದ ಮಣ್ಣಿನಲ್ಲಿ, ಜೀವಂತ ಬೇರುಗಳ ನಡುವೆ. ಹೆಡೆ ಹಳದಿಯಾಗಿ, ತಲೆಯ ಕಡೆ ಕಾಂಡ ಸಣ್ಣದಾಗಿ, ಕಾಯಿ ಉದುರುತ್ತಿದ್ದರೆ ಹಳದಿ ರೋಗವೆಂದು ಕೈಚೆಲ್ಲುವ ಮೊದಲು ಬುಡ ಅಗೆದು ನೋಡುವುದು ಒಳ್ಳೆಯದು. ಇದರ ಕಂದು ದುಂಬಿಗಳು ಮುಂಗಾರಿನ ಮೊದಲ ಮಳೆಗಳ ನಂತರ ಮುಸ್ಸಂಜೆ ಹೊತ್ತಿಗೆ ತೋಟದ ನೆಲದಿಂದ ಮೇಲೇಳುತ್ತವೆ. ಹಾರಾಟ ಸ್ವಲ್ಪ ಹೊತ್ತು ಮಾತ್ರ. ಆಗ ಮನೆಮಂದಿಯೆಲ್ಲ ಇಳಿದು ಹಿಡಿದು ಹಾಕಿದರೆ ಅಷ್ಟೂ ಮೊಟ್ಟೆ ತಪ್ಪಿದಂತೆ. ಪಕ್ಕದ ತೋಟದವರೂ ಕೂಡಿದರೆ ಫಲ ಹೆಚ್ಚು.

ಅಡಿಕೆಯ ಸುಳಿಯ ಸಂದಿಯಲ್ಲಿ ಕೆಂಪು-ಕಪ್ಪು ಬಣ್ಣದ ಸಣ್ಣ ತಿಗಣೆ, ಬಿಚ್ಚಿದ ಎಲೆಯಲ್ಲಿ ಕಂದು ಗೆರೆ ಮತ್ತು ತೂತು ಕಂಡರೆ ಅದು ಸುಳಿ ತಿಗಣೆ. ಇದರಲ್ಲಿ ಅನುಮಾನ ಪಡಬೇಕಾದ್ದಿಲ್ಲ.

ನಿಜಕ್ಕೂ ಹೊಸ ಹುಳಗಳೂ ಬರುತ್ತವೆ. ರುಗೋಸ್ ಸುರುಳಿ ಬಿಳಿನೊಣ ನಮ್ಮ ದೇಶದಲ್ಲಿ ಮೊದಲು ಕಂಡದ್ದು 2016ರಲ್ಲಿ, ಪೊಳ್ಳಾಚಿಯ ತೆಂಗಿನ ತೋಟಗಳಲ್ಲಿ. ಎಲೆಯ ಅಡಿಯಲ್ಲಿ ಬಿಳಿ ಮೇಣದ ಸುರುಳಿ ಗೆರೆ, ಕೆಳಗಿನ ಎಲೆಗಳ ಮೇಲೆ ಮಸಿಯಂತಹ ಬೂಷ್ಟು ಇದರ ಲಕ್ಷಣ. ಇದಕ್ಕೆ ವಿಷ ಹೊಡೆಯದಿರುವುದೇ ಮೇಲೆಂಬುದು ಕಾಸರಗೋಡಿನ ಸಂಶೋಧನಾ ಕೇಂದ್ರದ ಸಲಹೆ. ಏಕೆಂದರೆ ಎನ್ಕಾರ್ಸಿಯಾ ಎಂಬ ಅತಿ ಸಣ್ಣ ಕಣಜ ಈ ನೊಣದ ಮರಿಗಳೊಳಗೆ ಮೊಟ್ಟೆಯಿಟ್ಟು ಅವನ್ನು ಮುಗಿಸುತ್ತದೆ. ವಿಷಕ್ಕೆ ಮೊದಲು ಸಾಯುವುದು ಅದೇ.

ಗುರುತು ಸಿಗದಿದ್ದರೆ ಹುಳವನ್ನು ಬೆಂಕಿಪೊಟ್ಟಣದಲ್ಲಿ, ಮೆತ್ತನೆಯದಾದರೆ ಸ್ಪಿರಿಟ್ ಹಾಕಿದ ಶೀಶೆಯಲ್ಲಿ ಇಡಿ. ಯಾವ ಗಿಡ, ಯಾವ ಭಾಗ, ಯಾವ ದಿನ ಎಂದು ಚೀಟಿ ಬರೆಯಿರಿ. ಕಡಿದ ಎಲೆಯನ್ನೂ ಜೊತೆಗಿಡಿ. ಎಷ್ಟೋ ಸಲ ಹುಳಕ್ಕಿಂತ ಎಲೆಯೇ ಹೆಚ್ಚು ಹೇಳುತ್ತದೆ. ಫೋನಿನಲ್ಲಿ ಚಿತ್ರ ತೆಗೆಯುವುದಾದರೆ ಪಕ್ಕದಲ್ಲಿ ಒಂದು ನಾಣ್ಯವಿರಲಿ, ಗಾತ್ರ ತಿಳಿಯುತ್ತದೆ. ಶಿರಸಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ, ತೋಟಗಾರಿಕೆ ಇಲಾಖೆಯ ಕಚೇರಿಗಾಗಲಿ ಪೇಟೆಗೆ ಹೋದ ದಿನ ಒಯ್ದು ತೋರಿಸಬಹುದು. ಔಷಧಿ ಅಂಗಡಿಗೆ ಹೋಗುವುದು ಅದರ ನಂತರ.