ಅಂಗಿಯ ಬೆಲೆಯಲ್ಲಿ ಆಟಗಾರನ ಪಾಲು

ಕಾಲೇಜನ್ನು ಬಿಟ್ಟು ಎಷ್ಟು ವರ್ಷಗಳು ಕಳೆದರೂ ಅದರ ಬಣ್ಣವನ್ನು ಮರೆಯದವರು ಅಮೆರಿಕದ ಪದವೀಧರರು. ಶನಿವಾರದ ಫುಟ್‌ಬಾಲ್ ಪಂದ್ಯಕ್ಕೆ ಮೊಮ್ಮಕ್ಕಳ ಕೈಹಿಡಿದು ಬರುವ ವೃದ್ಧರೂ ತಾವು ಓದಿದ ವಿಶ್ವವಿದ್ಯಾಲಯದ ಅಂಗಿಯನ್ನೇ ತೊಟ್ಟು ಬರುತ್ತಾರೆ. ಈ ಅಭಿಮಾನವು ಅಲ್ಲಿ ಬಹುಕಾಲದಿಂದ ದೊಡ್ಡ ವ್ಯಾಪಾರವೂ ಆಗಿದೆ. ಅಂಗಿ, ಟೋಪಿ, ಕಾಫಿಯ ಬಟ್ಟಲುಗಳ ಮೇಲೆ ಲಾಂಛನವನ್ನು ಅಚ್ಚೊತ್ತಿ ಮಾರುವವರು ವಿಶ್ವವಿದ್ಯಾಲಯಕ್ಕೆ ರಾಯಧನವನ್ನು ಸಲ್ಲಿಸುತ್ತಾರೆ. ಆದರೆ ಆ ಅಂಗಿಗೆ ಕೀರ್ತಿ ತಂದ ಆಟಗಾರನಿಗೆ ಅದರ ಬೆಲೆಯಲ್ಲಿ ಪಾಲುಂಟೆ?

ಬಹುಕಾಲ ಈ ಪ್ರಶ್ನೆಗೆ ದೊರೆತ ಉತ್ತರ 'ಇಲ್ಲ' ಎಂಬುದೇ. 2021ರಿಂದೀಚೆಗೆ ಉತ್ತರ ಬದಲಾಗಿದೆ. ಹಳೆಯ ವಿದ್ಯಾರ್ಥಿಗಳು ತಾವೇ ಗುಂಪು ಕಟ್ಟಿಕೊಂಡು, ಬಿಡುವಿನ ವೇಳೆಯಲ್ಲಿ, ಸಂಬಳವನ್ನು ಬಯಸದೆ ಅಂಗಿ ಟೋಪಿಗಳನ್ನು ಮಾರಿ, ಬಂದ ಲಾಭವನ್ನು ಆಟಗಾರರಿಗೆ ಮುಟ್ಟಿಸುವ ಪದ್ಧತಿ ಅಲ್ಲಿ ಬೆಳೆದಿದೆ. ನೋಡಲು ಸರಳವಾದ ಈ ಕಾರ್ಯದ ಹಿಂದೆ ಒಂದು ದೀರ್ಘವಾದ ವಿವಾದವಿದೆ.

ರೈಲ್ವೆಯ ಖರ್ಚಿನಲ್ಲಿ ಮೊದಲ ಪಂದ್ಯ

ಅಮೆರಿಕದಲ್ಲಿ ಎರಡು ಕಾಲೇಜುಗಳ ನಡುವೆ ನಡೆದ ಮೊದಲ ಕ್ರೀಡಾಸ್ಪರ್ಧೆಯೆಂದರೆ 1852ರ ಆಗಸ್ಟ್ ತಿಂಗಳಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ವಿನ್ನಿಪೆಸಾಕಿ ಸರೋವರದಲ್ಲಿ ಹಾರ್ವರ್ಡ್ ಮತ್ತು ಯೇಲ್ ತರುಣರು ನಡೆಸಿದ ದೋಣಿಪಂದ್ಯ. ಗೆದ್ದವರು ಹಾರ್ವರ್ಡಿನವರು, ತರುಣರ ವೆಚ್ಚವನ್ನು ವಹಿಸಿಕೊಂಡುದು ಪ್ರಯಾಣಿಕರನ್ನು ಆ ಪ್ರದೇಶಕ್ಕೆ ಸೆಳೆಯಬಯಸಿದ ಒಂದು ರೈಲ್ವೆ ಕಂಪನಿ! ಕಾಲೇಜಿನ ಕ್ರೀಡೆಗೂ ವಾಣಿಜ್ಯಕ್ಕೂ ನಂಟು ಬೆಳೆದುದು ಹೀಗೆ, ತೊಟ್ಟಿಲಿನಲ್ಲಿಯೇ.

ಆದರೂ 1906ರಲ್ಲಿ ಸ್ಥಾಪಿತವಾಗಿ, ಮುಂದೆ ಎನ್‌ಸಿಎಎ ಎಂಬ ಹೆಸರಿನಿಂದ ಪ್ರಸಿದ್ಧವಾದ ಕಾಲೇಜು ಕ್ರೀಡಾಸಂಘವು, ವಿದ್ಯಾರ್ಥಿಯು ಆಟದಿಂದ ಹಣ ಗಳಿಸಬಾರದೆಂಬ ತತ್ತ್ವವನ್ನು ಎತ್ತಿಹಿಡಿಯಿತು. 1956ರಲ್ಲಿ ಕ್ರೀಡಾ ವಿದ್ಯಾರ್ಥಿವೇತನಕ್ಕೆ ಸಮ್ಮತಿ ದೊರೆತುದೇನೋ ನಿಜ. ಅದರಾಚೆಗೆ ಸ್ವಂತ ಹೆಸರಿನಿಂದ ಬಿಡಿಕಾಸನ್ನು ಸಂಪಾದಿಸಿದರೂ ಅದು ತಪ್ಪೇ ಆಗಿತ್ತು. ಅತ್ತ ಕಾಲೇಜುಗಳ ವ್ಯಾಪಾರ ಮಾತ್ರ ಬೆಳೆಯುತ್ತಲೇ ಹೋಯಿತು. 1981ರಲ್ಲಿ ಬಿಲ್ ಬ್ಯಾಟಲ್ ಎಂಬ ಮಾಜಿ ಫುಟ್‌ಬಾಲ್ ತರಬೇತುದಾರರು ಲಾಂಛನಗಳ ಪರವಾನಗಿಯನ್ನು ನೋಡಿಕೊಳ್ಳುವುದಕ್ಕೆಂದೇ ಒಂದು ಕಂಪನಿಯನ್ನು ಆರಂಭಿಸಿದರು. ಅಲಬಾಮಾ ವಿಶ್ವವಿದ್ಯಾಲಯ ಅದರ ಮೊದಲ ಗಿರಾಕಿಯಾಯಿತು. ಉಳಿದವು ಹಿಂದೆಯೇ ಬಂದವು.

ಸಾವಿರ ಡಾಲರಿನ ಅಪರಾಧ

2010ರಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಹೆಸರಾಂತ ಫುಟ್‌ಬಾಲ್ ಆಟಗಾರ ಎ. ಜೆ. ಗ್ರೀನ್, ಒಂದು ಪಂದ್ಯದಲ್ಲಿ ತಾವು ತೊಟ್ಟಿದ್ದ ಅಂಗಿಯನ್ನು 1,000 ಡಾಲರಿಗೆ ಮಾರಿದರು. ಕೊಂಡಾತನನ್ನು ಏಜೆಂಟನೆಂದು ಪರಿಗಣಿಸಿದ ಕ್ರೀಡಾಸಂಘವು ಗ್ರೀನ್ ಅವರನ್ನು ನಾಲ್ಕು ಪಂದ್ಯಗಳಿಂದ ದೂರವಿಟ್ಟಿತು. ಮೈಬೆವರಿನಿಂದ ತೊಯ್ದ ಅಂಗಿಯನ್ನು ಮಾರಿದವನಿಗೆ ದಂಡನೆ. ಅದೇ ಬಣ್ಣದ ಹೊಸ ಅಂಗಿಗಳನ್ನು ರಾಶಿರಾಶಿಯಾಗಿ ಮಾರುತ್ತಿದ್ದವರಿಗೆ ಲಾಭ. ಈ ವಿಪರ್ಯಾಸವನ್ನು ಜನ ಗಮನಿಸದಿರಲಿಲ್ಲ.

2013ರ ಆಗಸ್ಟ್‌ನಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಜೇ ಬಿಲಾಸ್ ಎಂಬ ಬ್ಯಾಸ್ಕೆಟ್‌ಬಾಲ್ ವಿಶ್ಲೇಷಕರು ಕ್ರೀಡಾಸಂಘದ ಅಂತರಜಾಲ ಮಳಿಗೆಯಲ್ಲಿ ಆಟಗಾರರ ಹೆಸರುಗಳನ್ನೇ ಹುಡುಕಿ ನೋಡಿದರು. ಪ್ರತಿ ಹೆಸರಿಗೂ ಆಯಾ ಆಟಗಾರನ ಸಂಖ್ಯೆಯ ಅಂಗಿ ಪರದೆಯ ಮೇಲೆ ಪ್ರತ್ಯಕ್ಷವಾಯಿತು. ಅಂಗಿಯನ್ನು ಮಾರುತ್ತೇವೆ, ಆಟಗಾರನ ಹೆಸರನ್ನಲ್ಲ ಎಂಬ ವಾದಕ್ಕೆ ಆಧಾರ ಉಳಿಯಲಿಲ್ಲ. ಕೆಲವೇ ದಿನಗಳಲ್ಲಿ ಸಂಘವು ಆ ಮಾರಾಟವನ್ನು ನಿಲ್ಲಿಸಿತು.

2019ರ ಸೆಪ್ಟೆಂಬರ್ 30ರಂದು ಕ್ಯಾಲಿಫೋರ್ನಿಯಾ ರಾಜ್ಯವು ಆಟಗಾರರಿಗೆ ತಮ್ಮ ಹೆಸರು ಮತ್ತು ಭಾವಚಿತ್ರಗಳಿಂದ ಗಳಿಸುವ ಹಕ್ಕನ್ನು ನೀಡುವ ಕಾನೂನನ್ನು ಮಾಡಿತು. ಇತರ ರಾಜ್ಯಗಳೂ ಅದೇ ದಾರಿ ಹಿಡಿದವು. ಕೊನೆಗೆ 2021ರ ಜುಲೈ 1ರಂದು ಕ್ರೀಡಾಸಂಘವೂ ಕಟ್ಟನ್ನು ಸಡಿಲಿಸಿತು.

ಸ್ವಯಂಸೇವಕರ ಅಂಗಡಿ

ಬಾಗಿಲು ತೆರೆದೊಡನೆ ಕೋಟ್ಯಧೀಶರಾದ ಹಳೆಯ ವಿದ್ಯಾರ್ಥಿಗಳು ದೊಡ್ಡ ನಿಧಿಗಳನ್ನು ಸ್ಥಾಪಿಸಿದರು. ಅಷ್ಟು ಶಕ್ತಿಯಿಲ್ಲದವರ ಕೈಗೆ ಎಟಕಿದ ಸಾಧನವೇ ಅಂಗಿ. ಹನಿ ಹನಿ ಕೂಡಿದರೆ ಹಳ್ಳ ಎಂಬುದು ಇವರ ನಂಬಿಕೆ.

ಈ ಅಂಗಡಿಗೆ ಸ್ನೇಹವೊಂದಿದ್ದರೆ ಸಾಲದು, ಲೆಕ್ಕವೂ ಬೇಕು. ಉದಾಹರಣೆಗೆ ಅಂಗಿಯೊಂದರ ಬೆಲೆ 30 ಡಾಲರ್ ಎಂದು ಇಟ್ಟುಕೊಳ್ಳೋಣ. ಬಟ್ಟೆ, ಅಚ್ಚು, ಅಂಚೆ, ಮಾರಾಟ ತೆರಿಗೆಗಳನ್ನು ಕಳೆಯಬೇಕು. ವಿಶ್ವವಿದ್ಯಾಲಯದ ಲಾಂಛನವನ್ನು ಬಳಸಿದರೆ ಪರವಾನಗಿಯ ಶುಲ್ಕವನ್ನೂ ತೆರಬೇಕು. ಅದು ಬೇಡವೆಂದರೆ ಲಾಂಛನವನ್ನು ಬಿಟ್ಟು, ಆಟಗಾರನ ಒಪ್ಪಿಗೆಯೊಡನೆ ಅವನ ಹೆಸರನ್ನೋ ಚಿತ್ರವನ್ನೋ ಅಚ್ಚೊತ್ತಬೇಕು. ಮಾರದೆ ಉಳಿದ ಅಂಗಿಗಳು ಲಾಭವನ್ನೆಲ್ಲ ನುಂಗಿಬಿಡಬಹುದಾದ್ದರಿಂದ, ಜಾಣರಾದವರು ಮೊದಲು ಹಣ ಪಡೆದು ಆಮೇಲೆ ಅಚ್ಚು ಹಾಕಿಸುತ್ತಾರೆ. ಅಳತೆ ನೋಡಿ ಮಡಿಸುವುದು, ವಿಳಾಸ ಬರೆಯುವುದು, ಲೆಕ್ಕ ಇಡುವುದು—ಇವನ್ನೆಲ್ಲ ಸ್ವಯಂಸೇವಕರೇ ಮಾಡಿದರೆ ಮಾತ್ರ ಆಟಗಾರನಿಗೆ ಹೇಳಿಕೊಳ್ಳುವಷ್ಟು ಉಳಿಯುತ್ತದೆ.

ಎಲ್ಲರಿಗೂ ಈ ಹಣ ಸಲ್ಲುವುದಿಲ್ಲವೆಂಬುದನ್ನೂ ಗಮನಿಸಬೇಕು. ವಿದೇಶಗಳಿಂದ ಎಫ್-1 ವೀಸಾದ ಮೇಲೆ ಬಂದ ವಿದ್ಯಾರ್ಥಿಗಳಿಗೆ ಅಲ್ಲಿ ದುಡಿಯಲು ಕಟ್ಟುನಿಟ್ಟಾದ ಮಿತಿಯಿದೆ. ಭಾರತದಿಂದ ಹೋದ ಕ್ರೀಡಾಪಟುವೊಬ್ಬ ಅಮೆರಿಕದ ನೆಲದಲ್ಲಿ ನಿಂತು ಅಂಗಿಯ ಪ್ರಚಾರ ಮಾಡಿ ಹಣ ಪಡೆದರೆ, ವೀಸಾಕ್ಕೇ ಅಪಾಯ ಒದಗಬಹುದು.

ವ್ಯಾಪಾರವೋ, ಕಾಣಿಕೆಯೋ?

ಇಂಥ ಗುಂಪುಗಳಲ್ಲಿ ಕೆಲವು ತಾವು ಧರ್ಮಾರ್ಥ ಸಂಸ್ಥೆಗಳೆಂದು ಹೇಳಿಕೊಂಡು ತೆರಿಗೆಯ ವಿನಾಯಿತಿಯನ್ನು ಪಡೆದಿದ್ದವು. 2023ರ ಜೂನ್‌ನಲ್ಲಿ ಅಮೆರಿಕದ ತೆರಿಗೆ ಇಲಾಖೆಯ ಕಾನೂನು ವಿಭಾಗವು, ಲಾಭವು ಮುಖ್ಯವಾಗಿ ಕೆಲವು ವ್ಯಕ್ತಿಗಳಿಗೇ ಸಲ್ಲುವುದರಿಂದ ಇಂಥವುಗಳಲ್ಲಿ ಅನೇಕಕ್ಕೆ ವಿನಾಯಿತಿಯ ಅರ್ಹತೆಯಿಲ್ಲವೆಂದು ಅಭಿಪ್ರಾಯಪಟ್ಟಿತು. ಅಂದರೆ ಇದು ಧರ್ಮಕಾರ್ಯವಲ್ಲ.

ಹಾಗಾದರೆ ವ್ಯಾಪಾರವೆ? 2025ರ ಜೂನ್ 6ರಂದು ನ್ಯಾಯಾಲಯದ ಸಮ್ಮತಿ ಪಡೆದ ಒಂದು ದೊಡ್ಡ ರಾಜಿಯ ಪ್ರಕಾರ, ಪ್ರತಿ ವಿಶ್ವವಿದ್ಯಾಲಯವೂ ಮೊದಲ ವರ್ಷದಲ್ಲಿ ಸುಮಾರು 2 ಕೋಟಿ 5 ಲಕ್ಷ ಡಾಲರಿನವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದಾಯಿತು. ಹೊರಗಿನವರು 600 ಡಾಲರಿಗೆ ಮೀರಿ ಕೊಡುವ ಒಪ್ಪಂದಗಳನ್ನು ಪರಿಶೀಲಿಸಲು ಹೊಸ ಆಯೋಗವೊಂದು ನೇಮಕವಾಯಿತು. ಅದೇ ಜುಲೈನಲ್ಲಿ ಆಯೋಗವು ನೀಡಿದ ಮೊದಲ ವಿವರಣೆ ಅಭಿಮಾನಿಗಳನ್ನು ಚಕಿತಗೊಳಿಸಿತು: ಆಟಗಾರರಿಗೆ ಹಣ ಕೂಡಿಸುವುದಕ್ಕಾಗಿಯೇ ಇಂಥ ಗುಂಪು ಅಂಗಿ ಮಾರಿದರೆ ಅದು ನಿಜವಾದ ವ್ಯಾಪಾರವಲ್ಲ, ತನ್ನ ಲಾಭಕ್ಕಾಗಿ ಅಂಗಿ ಮಾರುವ ಕಂಪನಿಯದು ಮಾತ್ರ ವ್ಯಾಪಾರ! ಆಕ್ಷೇಪಗಳು ಎದ್ದವು. ತಿಂಗಳ ಕೊನೆಗೆ ಆಯೋಗವು ಆ ಮಾತನ್ನು ತಿದ್ದಿ, ಸಾರ್ವಜನಿಕರಿಗೆ ನಿಜವಾದ ಸರಕನ್ನು ಲಾಭದ ಉದ್ದೇಶದಿಂದ ಮಾರುವ ಗುಂಪುಗಳನ್ನೂ ಇತರ ವರ್ತಕರಂತೆಯೇ ಕಾಣುವುದಾಗಿ ಒಪ್ಪಿತು. ಪ್ರೀತಿಯಿಂದ ಮಾಡುವ ಕೆಲಸಕ್ಕೆ ಮಾನ್ಯತೆ ದೊರೆಯಬೇಕಾದರೆ ಅದು ವ್ಯಾಪಾರದ ವೇಷವನ್ನು ಧರಿಸಲೇಬೇಕಾಯಿತು.

ಕಿರಿಯ ಆಟಗಳ ಪಾಡು

ವಿಶ್ವವಿದ್ಯಾಲಯಗಳೇ ಕೋಟಿಗಳನ್ನು ಹಂಚುವಾಗ ಅಂಗಿಯ ಚಿಲ್ಲರೆ ಹಣದ ಅಗತ್ಯವೇನು? ಆ ಕೋಟಿಗಳಲ್ಲಿ ಹೆಚ್ಚಿನ ಪಾಲು ಹರಿಯುವುದು ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲಿನ ಕಡೆಗೆ. ಈಜು, ಕುಸ್ತಿ, ದೋಣಿ, ಜಿಮ್ನಾಸ್ಟಿಕ್ಸ್ ಮುಂತಾದ ಆಟಗಳಲ್ಲಿ ಬೆಳಗಿನ ಜಾವಕ್ಕೆ ಎದ್ದು ಅಭ್ಯಾಸ ಮಾಡುವವರಿಗೆ ಕೆಲವು ನೂರು ಡಾಲರುಗಳೂ ದೊಡ್ಡವು. ಖರ್ಚು ಹೆಚ್ಚಿದಾಗ ಮೊದಲು ಕತ್ತರಿ ಬೀಳುವುದೂ ಇವರ ತಂಡಗಳಿಗೇ.

ಆಗ ಹಳೆಯ ವಿದ್ಯಾರ್ಥಿಗಳ ಅಭಿಮಾನ ಏನು ಮಾಡಬಲ್ಲುದೆಂಬುದಕ್ಕೆ ನಿದರ್ಶನವಿದೆ. 2010ರ ಸೆಪ್ಟೆಂಬರ್‌ನಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು ತನ್ನ ಬೇಸ್‌ಬಾಲ್ ತಂಡವನ್ನು ಕೈಬಿಡುವುದಾಗಿ ಸಾರಿತು. ಹಿಂದೆ ಅಲ್ಲಿ ಆಡಿದವರೂ ಅಭಿಮಾನಿಗಳೂ ಸುಮಾರು 90 ಲಕ್ಷ ಡಾಲರುಗಳ ವಾಗ್ದಾನವನ್ನು ಕೂಡಿಸಿದರು. 2011ರ ಏಪ್ರಿಲ್‌ನಲ್ಲಿ ತಂಡ ಉಳಿಯಿತು. ಅದೇ ಜೂನ್‌ನಲ್ಲಿ ಆ ತಂಡ ಒಮಾಹಾ ನಗರದ ರಾಷ್ಟ್ರೀಯ ಅಂತಿಮ ಸುತ್ತಿಗೆ ಏರಿತು! 2020ರಲ್ಲಿ 11 ಕ್ರೀಡೆಗಳನ್ನು ನಿಲ್ಲಿಸುವುದಾಗಿ ಘೋಷಿಸಿದ್ದ ಸ್ಟ್ಯಾನ್‌ಫರ್ಡ್ ಕೂಡ, ಹಳೆಯ ಕ್ರೀಡಾಪಟುಗಳ ಒತ್ತಾಯದ ನಡುವೆ, 2021ರ ಮೇ ತಿಂಗಳಲ್ಲಿ ನಿರ್ಧಾರವನ್ನು ಹಿಂತೆಗೆದುಕೊಂಡಿತು.

ಅಂಗಿಗಳಿಂದ 90 ಲಕ್ಷ ಕೂಡಲಾರದು. ಆದರೆ ಅಂಗಿ ಕೊಂಡವನು ಆ ತಂಡ ಇನ್ನೂ ಜೀವಂತವಾಗಿದೆಯೆಂಬುದನ್ನು ಬೀದಿಯಲ್ಲಿ ಹೊತ್ತು ತಿರುಗುತ್ತಾನೆ. ತಂಡಕ್ಕೆ ಕುತ್ತು ಬಂದ ದಿನ ಮೊದಲು ಓಡಿಬರುವವನೂ ಅವನೇ. ಹಣವು ಒಬ್ಬ ಆಟಗಾರನ ಕೈಗೆ ಹೋಗುವುದೋ ಇಡೀ ತಂಡದ ಉಳಿವಿಗೋ, ಪ್ರತಿ ಅಂಗಿಯಿಂದ ಎಷ್ಟು ಸಲ್ಲುವುದು ಎಂಬುದನ್ನು ಮಾರುವವರು ಬೆಲೆಯ ಪಕ್ಕದಲ್ಲಿಯೇ ಬರೆದಿಟ್ಟರೆ, ಕೊಳ್ಳುವವನು ನಿಶ್ಚಿಂತೆಯಿಂದ ಜೇಬಿಗೆ ಕೈಹಾಕುತ್ತಾನೆ.