ಹಳೇ ಜೀಪು, ಸಡಿಲ ಸ್ಟೇರಿಂಗು

ದೇಗಾಂವದಿಂದ ಕಿತ್ತೂರಿಗೆ ಬರುವ ರಸ್ತೆಯಲ್ಲಿ ಹಳೇ ಜೀಪಿನ ಸ್ಟೇರಿಂಗು ತನ್ನ ದೋಷ ಬಿಟ್ಟುಕೊಡುವುದಿಲ್ಲ. ಮೂವತ್ತರ ವೇಗ, ಎದುರಿಗೆ ಕಬ್ಬಿನ ಟ್ರ್ಯಾಕ್ಟರ್, ನಡುವೆ ನಾಲ್ಕು ಎಮ್ಮೆ. ಚಾಲಕ ಹೇಗೂ ಕ್ಷಣಕ್ಕೊಮ್ಮೆ ಅತ್ತಿತ್ತ ತಿರುವುತ್ತಲೇ ಇರುತ್ತಾನೆ. ಅದೇ ಗಾಡಿ ಕಿತ್ತೂರಿನಲ್ಲಿ ಪುಣೆ–ಬೆಂಗಳೂರು ಹೆದ್ದಾರಿ ಹತ್ತಿ ಅರವತ್ತು ಮುಟ್ಟಿದಾಗ ಬಣ್ಣ ಬಯಲಾಗುತ್ತದೆ. ಲಾರಿಯೊಂದು ಪಕ್ಕದಲ್ಲಿ ಹಾದುಹೋದರೆ ಸಾಕು, ಜೀಪು ಗೆರೆ ಬಿಟ್ಟು ಸರಿಯುತ್ತದೆ. ಆ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಓಡುತ್ತಿರುತ್ತದೆ. ಕೈ ತಿರುಗಿಸಿದ್ದು ಗಾಲಿಗೆ ಮುಟ್ಟುವುದು ಅರ್ಧ ಸೆಕೆಂಡ್ ತಡವಾದರೂ ಎಂಟು ಮೀಟರ್ ಅದು ತನ್ನ ಪಾಡಿಗೆ ತಾನು ಹೋಗಿರುತ್ತದೆ.

“ಸ್ಟೇರಿಂಗ್ ಬಾಳ ಲೂಜ್ ಆಗೇತ್ರಿ ಮಿಸ್ತ್ರಿ, ಸಲ್ಪ ಟೈಟ್ ಮಾಡಿಕೊಡ್ರಿ.” ಕಿತ್ತೂರು, ಎಂ.ಕೆ. ಹುಬ್ಬಳ್ಳಿ, ಬೈಲಹೊಂಗಲದ ಕಡೆ ಗ್ಯಾರೇಜಿಗೆ ಬರುವ ಹಳೇ ಗಾಡಿಯ ಮಾಲೀಕ ಕೇಳುವುದು ಹೀಗೆ. ಕೇಳಿದ್ದರಲ್ಲೇ ತಪ್ಪಿದೆ. ಲೂಜ್ ಆಗಿದ್ದನ್ನು ಟೈಟ್ ಮಾಡುವುದು ಐದು ನಿಮಿಷದ ಕೆಲಸ. ಲೂಜ್ ಎಲ್ಲಿದೆ ಎಂದು ಹುಡುಕುವುದು ಕಸುಬು. ಪ್ಲೇ ತೆಗೆಯುವುದು ಎಂದು ಮೆಕ್ಯಾನಿಕ್‌ಗಳು ಕರೆಯುವ ಈ ಕೆಲಸದಲ್ಲಿ ಒಳ್ಳೆಯ ಕೈಗೂ ಸಾಧಾರಣ ಕೈಗೂ ಇರುವ ವ್ಯತ್ಯಾಸ ಪೂರ್ತಿ ಅಲ್ಲೇ ಇದೆ.

ಚಕ್ಕಡಿಗೆ ಈ ತಾಪತ್ರಯವೇ ಇಲ್ಲ. ಎತ್ತು ತಿರುಗಿದರೆ ನೊಗ ತಿರುಗುತ್ತದೆ, ನೊಗದ ಹಿಂದೆ ಬಂಡಿ. ಮೋಟಾರು ಗಾಡಿಯಲ್ಲಿ ಕೈಗೂ ಗಾಲಿಗೂ ನಡುವೆ ಒಂದು ದೊಡ್ಡ ಸಂಸಾರವೇ ಇದೆ. ವಿಲ್ಲಿಸ್ ಮಾದರಿಯ ಹಳೇ ಜೀಪನ್ನೇ ನೋಡಿ. ಸ್ಟೇರಿಂಗ್ ಬಾಕ್ಸು, ಅದರ ಕೆಳಗೊಂದು ತೋಳು, ತೋಳಿನಿಂದ ಮುಂದಕ್ಕೆ ಡ್ರ್ಯಾಗ್ ಲಿಂಕು, ಮಧ್ಯದಲ್ಲಿ ಬೆಲ್‌ಕ್ರ್ಯಾಂಕು, ಅಲ್ಲಿಂದ ಎಡಬಲಕ್ಕೆ ಎರಡು ಟೈ ರಾಡು, ಪ್ರತಿ ರಾಡಿನ ಎರಡೂ ತುದಿಗೆ ಬಾಲ್ ಜಾಯಿಂಟು. ಆಮೇಲೆ ಗಾಲಿ ಎಡಬಲ ತಿರುಗುವ ಕೀಲಾದ ಕಿಂಗ್ ಪಿನ್ನು, ಗಾಲಿಯ ಬೇರಿಂಗು. ಒಂದೊಂದು ಕೀಲಿನಲ್ಲೂ ಕೂದಲೆಳೆಯಷ್ಟು ಸವೆತ; ಅಷ್ಟೂ ಸೇರಿ ಚಾಲಕನ ಕೈಗೆ ಬರುವ ಹೊತ್ತಿಗೆ ಅಂಗೈ ಅಗಲ. ಬಾಕ್ಸಿನ ಗೇರು 14ಕ್ಕೆ 1ರ ಲೆಕ್ಕದ್ದಾದರೆ, ಕೆಳಗಿನ ತೋಳಿನಲ್ಲಿ 1 ಡಿಗ್ರಿ ಸಡಿಲಿದ್ದದ್ದು ಮೇಲೆ ಸ್ಟೇರಿಂಗ್ ಚಕ್ರದಲ್ಲಿ 14 ಡಿಗ್ರಿ ಆಗಿ ಕಾಣುತ್ತದೆ.

ಎಷ್ಟು ಸಡಿಲ ಇರಬಹುದು ಎನ್ನುವುದಕ್ಕೆ ಕಾನೂನಿನಲ್ಲಿ ಅಳತೆ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಸಡಿಲ ಇರಕೂಡದು. ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು ಪಿನ್ನುಗಳು ಕಳಚದ ಹಾಗೆ ಲಾಕ್ ಆಗಿರಬೇಕು. ನನ್ನನ್ನು ಕೇಳಿದರೆ 30 ಡಿಗ್ರಿ ತೀರಾ ಧಾರಾಳವಾಯಿತು. ನಲವತ್ತು ಸೆಂ.ಮೀ. ಅಗಲದ ಚಕ್ರದ ಅಂಚಿನಲ್ಲಿ ಅದು ಹತ್ತು ಸೆಂ.ಮೀ. ದಾಟುತ್ತದೆ. ಮಾರುತಿ ಜಿಪ್ಸಿಯ ಕಂಪನಿ ಕೈಪಿಡಿ ಒಪ್ಪುವುದು 10ರಿಂದ 30 ಮಿಲಿಮೀಟರ್ ಮಾತ್ರ. ನುರಿತ ಮಿಸ್ತ್ರಿಯ ಅಳತೆ ಕೈಪಿಡಿಯದ್ದೇ ಹೊರತು ಕಾನೂನಿನದಲ್ಲ. ಆದರೆ ರಬ್ಬರ್ ಟೋಪಿಯ ಮಾತನ್ನು ಬರೆದವರು ಗ್ಯಾರೇಜು ಕಂಡವರೇ ಇರಬೇಕು. ಟೋಪಿ ಹರಿದ ಜಾಯಿಂಟಿಗೆ ಸವದತ್ತಿ ಕಡೆಯ ಎರೆಮಣ್ಣಿನ ಕೆಸರು ಒಂದು ಮಳೆಗಾಲ ಹೊಕ್ಕರೆ ಒಳಗಿನ ಗ್ರೀಸು ಅರೆಯುವ ಪುಡಿಯಾಗುತ್ತದೆ, ಬೇಸಿಗೆಯ ಧೂಳು ಉಳಿದದ್ದನ್ನು ಮುಗಿಸುತ್ತದೆ.

ಹುಡುಕುವುದಕ್ಕೆ ಇಬ್ಬರು ಬೇಕು. ಎಂಜಿನ್ ಬಂದ್, ಗಾಲಿ ನೆಲದ ಮೇಲೆ, ನೇರ. ಹೆಲ್ಪರ್ ಹುಡುಗ ಮೇಲೆ ಕೂತು ಚಕ್ರವನ್ನು ಎಡಕ್ಕೆ ಬಲಕ್ಕೆ ಸಣ್ಣಗೆ ಅಲ್ಲಾಡಿಸುತ್ತಾನೆ. “ಜೋರ ಬ್ಯಾಡ ತಮ್ಮಾ, ಸಾವಕಾಶ.” ಮಿಸ್ತ್ರಿ ಕೆಳಗೆ ಅಂಗಾತ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಬೆರಳಿಡುತ್ತಾನೆ, ಅರ್ಧ ಬೆರಳು ರಾಡಿನ ಮೇಲೆ, ಅರ್ಧ ತೋಳಿನ ಮೇಲೆ. ಎರಡೂ ಒಟ್ಟಿಗೆ ಸರಿದರೆ ಸರಿ. ಒಂದು ಮೊದಲು ಹೊರಟು ಇನ್ನೊಂದು ಆಮೇಲೆ ಹೊರಟರೆ ಕಳ್ಳ ಸಿಕ್ಕ. ಕಣ್ಣಿಗೆ ಕಾಣದ್ದು ಬೆರಳಿಗೆ ಗೊತ್ತಾಗುತ್ತದೆ. ಬಾಕ್ಸನ್ನು ಚಾಸಿಗೆ ಹಿಡಿದಿರುವ ಬೋಲ್ಟುಗಳ ಮೇಲೂ ಕೈ ಇಡಬೇಕು. ಹಳೇ ಗಾಡಿಯಲ್ಲಿ ಎಷ್ಟೋ ಸಲ ಬಾಕ್ಸೇ ತನ್ನ ಜಾಗದಲ್ಲಿ ಕುಣಿಯುತ್ತಿರುತ್ತದೆ. ಪಾಟಾದ, ಅಂದರೆ ಲೀಫ್ ಸ್ಪ್ರಿಂಗಿನ, ಬುಷ್ ಸವೆದು ಮುಂದಿನ ಅಚ್ಚೇ ಹಿಂದುಮುಂದು ಸರಿಯುತ್ತಿದ್ದರೆ ಅದೂ ಸ್ಟೇರಿಂಗಿನ ದೋಷದಂತೆಯೇ ತೋರುತ್ತದೆ. ಇನ್ನು ಕೆಲವು ಗಾಡಿಗಳಲ್ಲಿ ಯಾವ ಕೀಲಿನಲ್ಲೂ ತಪ್ಪಿರುವುದಿಲ್ಲ, ಟೈರಿಗೆ ಗಾಳಿ ಕಮ್ಮಿ ಇರುತ್ತದೆ, ಅಷ್ಟೆ.

ಆಮೇಲೆ ಜಾಕ್ ಹಚ್ಚಿ ಗಾಲಿ ಎತ್ತುವುದು. ಮೇಲೊಂದು ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿದಾಗ ಗಾಲಿ ಆಡಿದರೆ ದೋಷ ಬೇರಿಂಗಿನದೋ ಕಿಂಗ್ ಪಿನ್ನಿನದೋ ಎಂಬ ಪ್ರಶ್ನೆ. ಇದಕ್ಕೆ ಮಿಸ್ತ್ರಿಗಳ ಹತ್ತಿರ ಖರ್ಚಿಲ್ಲದ ಉಪಾಯವಿದೆ: ಹೆಲ್ಪರ್‌ಗೆ ಬ್ರೇಕ್ ಒತ್ತಿ ಹಿಡಿಯಲು ಹೇಳುವುದು. ಆಟ ನಿಂತರೆ ಬೇರಿಂಗು, ನಿಲ್ಲದಿದ್ದರೆ ಕಿಂಗ್ ಪಿನ್ನು. ಕಿಂಗ್ ಪಿನ್ ಸಡಿಲಾದ ಗಾಡಿ ಐವತ್ತು ದಾಟಿ ಒಂದು ತಗ್ಗು ಹಾರಿದರೆ ಮುಂದಿನ ಗಾಲಿಗಳು ಗಡಗಡ ನಡುಗತೊಡಗುತ್ತವೆ, ವೇಗ ಇಳಿಸದ ಹೊರತು ನಿಲ್ಲುವುದಿಲ್ಲ. ಜೀಪಿನಲ್ಲಿ ಇದರ ಬಿಗಿಯನ್ನು ತೆಳು ತಗಡಿನ ಶಿಮ್ ತೆಗೆದು ಹಾಕಿ ಹೊಂದಿಸುತ್ತಾರೆ. ಗಾಲಿಯ ಕಡೆಯ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು ಬಿಗಿ ನೋಡಬೇಕೆಂದು ಕೈಪಿಡಿ ಹೇಳುತ್ತದೆ. ಅನುಭವಸ್ಥರು ಕೈಯಳತೆಯಲ್ಲೇ ಮುಗಿಸುತ್ತಾರೆ. ನನಗೆ ತಕ್ಕಡಿಯ ಮೇಲೆಯೇ ಹೆಚ್ಚು ನಂಬಿಕೆ.

ಇಷ್ಟಾದ ಮೇಲೆ, ಕೊನೆಗೆ, ಬಾಕ್ಸು. ಅದರ ಮುಚ್ಚಳದ ಮೇಲೊಂದು ಸ್ಕ್ರೂ, ಸ್ಕ್ರೂಗೊಂದು ಲಾಕ್ ನಟ್ಟು. ಕೆಟ್ಟ ಕೆಲಸವೆಲ್ಲ ಶುರುವಾಗುವುದು ಇಲ್ಲಿಂದ. ನೋಂದಣಿಯಾಗಿ 15 ವರ್ಷ ತುಂಬಿದ ಖಾಸಗಿ ಗಾಡಿ ಪ್ರತಿ 5 ವರ್ಷಕ್ಕೊಮ್ಮೆ ನವೀಕರಣಕ್ಕೆ ಹೋಗಬೇಕು. ಈ ಭಾಗದ ಕೆಎ-24 ಗಾಡಿಗಳು ಬೈಲಹೊಂಗಲದ ಸಾರಿಗೆ ಕಚೇರಿಯವು. ನವೀಕರಣದ ತಪಾಸಣೆ, ಅಂದರೆ ಪಾಸಿಂಗ್, ಹತ್ತಿರ ಬಂದಾಗ ಮಾಲೀಕನ ಅವಸರಕ್ಕೆ ಸ್ಕ್ರೂ ಎರಡು ಸುತ್ತು ತಿರುಗಿಬಿಡುತ್ತದೆ. ಚಕ್ರದ ಸಡಿಲ ಮಾಯ, ಗಾಡಿ ಪಾಸು. ಆದರೆ ಬಾಕ್ಸಿನ ಹಲ್ಲುಗಳು ಹೆಚ್ಚು ಸವೆದಿರುವುದು ನೇರ ಓಟದ ಜಾಗದಲ್ಲಿ, ಏಕೆಂದರೆ ಗಾಡಿ ಓಡುವುದು ಬಹುಪಾಲು ನೇರವಾಗಿಯೇ. ಅಲ್ಲಿಯ ಸವೆತವನ್ನು ಮುಚ್ಚುವಷ್ಟು ಬಿಗಿದರೆ, ಪೂರ್ತಿ ತಿರುಗಿಸಿದಾಗ ಸವೆಯದ ಹಲ್ಲುಗಳು ಕಚ್ಚಿ ಹಿಡಿಯುತ್ತವೆ. ತಿರುವಿನಲ್ಲಿ ತಿರುಗಿದ ಚಕ್ರ ತಾನಾಗಿ ವಾಪಸ್ ಬರುವುದಿಲ್ಲ. ಸಡಿಲ ಸ್ಟೇರಿಂಗಿಗಿಂತ ಅಪಾಯದ್ದು ಇದು. ಸರಿಯಾದ ಕ್ರಮವೆಂದರೆ ಡ್ರ್ಯಾಗ್ ಲಿಂಕ್ ಬಿಚ್ಚಿ, ಚಕ್ರವನ್ನು ನಟ್ಟನಡುವೆ ನಿಲ್ಲಿಸಿ, ಸ್ಕ್ರೂವನ್ನು ತುಸು ತುಸುವೇ ಬಿಗಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ಹಿಡಿಯದೆ ತಿರುಗುತ್ತದೆಯೇ ಎಂದು ನೋಡುವುದು. ಹಿಡಿದರೆ ಸ್ಕ್ರೂ ವಾಪಸ್. ಬಾಕ್ಸಿನ ಆಯುಷ್ಯ ಮುಗಿಯಿತೆಂದು ಮಾಲೀಕನಿಗೆ ಬಾಯಿಬಿಟ್ಟು ಹೇಳುವುದೂ ಕಸುಬಿನ ಭಾಗ.

ಇನ್ನೊಂದು ವಿಷಯದಲ್ಲಿ ರಾಜಿ ಸಲ್ಲದು. ಸವೆದ ಬಾಲ್ ಜಾಯಿಂಟಿಗೆ, ಬಿರುಕು ಬಿಟ್ಟ ಟೈ ರಾಡಿಗೆ ವೆಲ್ಡಿಂಗ್ ಮಾಡಿಕೊಡುವವರು ಇದ್ದಾರೆ, ಮಾಡಿಸಿಕೊಳ್ಳುವವರು ಅವರಿಗಿಂತ ಹೆಚ್ಚು. ನೇಗಿಲಿನ ಕುಳಕ್ಕೆ ಬೆಸುಗೆ ಸರಿ. ಟೈ ರಾಡಿಗೆ ಅಲ್ಲ. ಬಿಚ್ಚಿದ ಸ್ಪ್ಲಿಟ್ ಪಿನ್ನನ್ನೇ ನೆಟ್ಟಗೆ ಬಡಿದು ಮತ್ತೆ ಹಾಕುವುದೂ ಅದೇ ಜಾತಿಯ ಉಳಿತಾಯ.

ದೇಗಾಂವದ ಕಮಲನಾರಾಯಣ ದೇವಸ್ಥಾನ ಕಟ್ಟಿಸಿದವಳು 12ನೇ ಶತಮಾನದಲ್ಲಿ ಗೋವೆಯ ಕದಂಬರ ರಾಣಿ ಕಮಲಾದೇವಿ. ಶಿಲ್ಪಿ ತಿಪ್ಪೋಜನ ಹೆಸರು ಶಾಸನದಲ್ಲಿ ಉಳಿದಿದೆ. ಆ ಗುಡಿ ನೋಡಲು ಜನರನ್ನು ಹೊತ್ತು ತರುವ ಹಳೇ ಗಾಡಿಗಳ ಅಡಿಯಲ್ಲಿ ಮಲಗೆದ್ದವರ ಹೆಸರು ಬಿಲ್ ಪುಸ್ತಕದಲ್ಲೂ ಇರುವುದಿಲ್ಲ. ಹೊಸ ಗಾಡಿಗಳ ಜಾಯಿಂಟುಗಳಿಗೆ ಗ್ರೀಸ್ ನಿಪ್ಪಲ್ಲೇ ಇಲ್ಲ, ಸವೆದರೆ ಇಡೀ ತುಂಡು ಬದಲು. ವಿದ್ಯುತ್ ಮೋಟಾರಿನ ಸ್ಟೇರಿಂಗು ಬಂದ ಮೇಲೆ ಬೆರಳಿಗಿಂತ ಸ್ಕ್ಯಾನರಿಗೆ ಕೆಲಸ ಹೆಚ್ಚು. ಹಳೇ ಜೀಪು, ಟ್ರ್ಯಾಕ್ಟರು ಓಡುವಷ್ಟು ಕಾಲ ಮಾತ್ರ ಈ ವಿದ್ಯೆಗೆ ಗಿರಾಕಿ.

ಕೆಲಸ ಮುಗಿದ ದಿನ ಮಾಲೀಕ ಗೊಣಗುವುದೂ ಉಂಟು: “ಸ್ಟೇರಿಂಗ್ ಬಿರಸ್ ಆತಲ್ರಿ?” ವರ್ಷಗಟ್ಟಲೆ ಗಾಳಿಯಲ್ಲಿ ಚಕ್ರ ತಿರುವಿದ ಕೈಗೆ ಸರಿಯಾದ ಬಿಗಿ ಭಾರವೆನಿಸುತ್ತದೆ. ನಿಜವಾಗಿಯೂ ಬಿಗಿ ಹೆಚ್ಚಾಗಿದೆಯೇ ಎಂದು ತಿಳಿಯಲು ತಿರುವೊಂದರಲ್ಲಿ ಕೈ ಸಡಿಲಿಸಿ, ಚಕ್ರ ತಾನಾಗಿ ನೇರಕ್ಕೆ ಬರುತ್ತದೆಯೇ ನೋಡಿದರಾಯಿತು. ಟೈ ರಾಡ್ ಬಿಚ್ಚಿದ್ದರೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಇಲ್ಲದಿದ್ದರೆ ಹೊಸ ಟೈರು ಕೆಲವೇ ತಿಂಗಳಲ್ಲಿ ಒಂದು ಮಗ್ಗುಲು ಸವೆಯುತ್ತದೆ. ವಾರ ಬಿಟ್ಟು ಮತ್ತೊಮ್ಮೆ ಬಂದು, ಬಿಗಿದ ನಟ್ಟುಗಳು ಕೂತ ಜಾಗದಲ್ಲೇ ಇವೆಯೇ ಎಂದು ತೋರಿಸಿಕೊಂಡು ಹೋಗಬೇಕು. ಈ ಎರಡನೇ ಭೇಟಿಗೆ ಬಹಳ ಮಿಸ್ತ್ರಿಗಳು ಹಣ ಕೇಳುವುದಿಲ್ಲ. ಆದರೂ ಬರುವ ಮಾಲೀಕರು ಕಮ್ಮಿ.