ಬರಾತಿನ ಕುದುರೆ ತಾಳ ಹಿಡಿಯುತ್ತದೆಯೇ?

ಹೈದರಾಬಾದಿನ ಹಳೇ ಊರಿನಲ್ಲಿ ಮದುವೆಯ ಬರಾತ್ ಹೊರಟರೆ ಮುಂದೆ ಮರ್ಫಾ ತಂಡ ಇದ್ದರೇ ಕಳೆ. ಮರ್ಫಾ, ದಫ್, ಢೋಲು, ಕೋಲಿನಿಂದ ಬಾರಿಸುವ ಲೋಹದ ಬಿಂದಿಗೆ ಎಲ್ಲ ಸೇರಿ ಎಬ್ಬಿಸುವ ‘ತೀನ್‌ಮಾರ್’ ಪೆಟ್ಟು ಕಿವಿಗೆ ಬಿದ್ದರೆ ಕಾಲು ಸುಮ್ಮನಿರುವುದಿಲ್ಲ. ಯೆಮನ್ನಿನ ಹದ್ರಮೌತ್‌ನಿಂದ ಬಂದ ಅರಬರೂ ಆಫ್ರಿಕಾ ಮೂಲದ ಸಿದ್ದಿಗಳೂ ನಿಜಾಮರ ಸೈನ್ಯ ಸೇರಿದಾಗ ಜೊತೆಗೆ ತಂದ ಪರಂಪರೆ ಇದು. ನಿಜಾಮರ ಆಫ್ರಿಕನ್ ಅಶ್ವದಳ ನೆಲೆಸಿದ್ದ ಬಡಾವಣೆಗೆ ಇಂದಿಗೂ ಎ.ಸಿ. ಗಾರ್ಡ್ಸ್ ಎಂದೇ ಹೆಸರು. ಈಗ ಬೋನಾಲು ಹಬ್ಬ, ಗಣೇಶ ವಿಸರ್ಜನೆಗಳಲ್ಲೂ ತೀನ್‌ಮಾರ್ ಮೊಳಗುತ್ತದೆ. ಬರಾತಿನಲ್ಲಿ ಮದುಮಗನನ್ನು ಹೊತ್ತ ಕುದುರೆಯೂ ಕಾಲೆತ್ತಿ ಇಡುತ್ತಿದ್ದರೆ, ‘ಕುದುರೆಗೂ ತಾಳ ಗೊತ್ತು ನೋಡಿ’ ಎಂದು ಜನ ಮೆಚ್ಚುತ್ತಾರೆ. ಈ ಮಾತು ನಿಜವೇ ಎಂದು ಪರೀಕ್ಷಿಸಲು ಹೊರಟರೆ, ತಾಳ ಹಿಡಿಯುವುದು ಎಂದರೆ ಏನೆಂಬುದೇ ಸ್ಪಷ್ಟವಾಗುತ್ತದೆ. ಮುಂದಿನ ಪೆಟ್ಟು ಯಾವ ಗಳಿಗೆಯಲ್ಲಿ ಬೀಳುತ್ತದೆಂದು ಮಿದುಳು ಮೊದಲೇ ಅಂದಾಜಿಸಿ ದೇಹವನ್ನು ಸಜ್ಜುಗೊಳಿಸುವುದೇ ತಾಳ ಹಿಡಿಯುವುದು. ಹಾಗೆ ಅಂದಾಜಿಸಬಲ್ಲ ಪ್ರಾಣಿಗಳು ಬಲು ಕಡಿಮೆ.

ಮೊದಲು ಮನುಷ್ಯನನ್ನೇ ನೋಡೋಣ. ಒಂದು ಶಬ್ದ ಕೇಳಿದ ಮೇಲೆ ಬೆರಳನ್ನು ಮೇಜಿನ ಮೇಲೆ ತಟ್ಟಲು ನಮಗೆ ಸೆಕೆಂಡಿನ ಸುಮಾರು ಆರನೇ ಒಂದು ಭಾಗದಷ್ಟು ಸಮಯ ಬೇಕು. ಪ್ರತಿ ಪೆಟ್ಟನ್ನೂ ಕೇಳಿಯೇ ತಟ್ಟುವುದಾದರೆ ನಾವು ಸದಾ ಹಿಂದೆ ಬೀಳಬೇಕಿತ್ತು. ಆದರೆ ಮೆಟ್ರೊನೋಮ್ ಇಟ್ಟು ಪ್ರಯೋಗಾಲಯದಲ್ಲಿ ಅಳೆದಾಗ, ಸಾಮಾನ್ಯವಾಗಿ ಜನರ ಬೆರಳು ಪೆಟ್ಟಿಗಿಂತ ಒಂದು ಕೂದಲೆಳೆಯಷ್ಟು ಮೊದಲೇ ಬಿದ್ದಿರುತ್ತದೆ. ಕೇಳುವ ಮೊದಲೇ ತಟ್ಟಬೇಕಾದರೆ ಮಿದುಳಿಗೆ ಮುಂದಿನದು ತಿಳಿದಿರಲೇಬೇಕು. ಕಛೇರಿಯಲ್ಲಿ ಆದಿತಾಳ ಹಾಕುವವರ ಕೈಯನ್ನು ಗಮನಿಸಿ. ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ಎರಡು ಸಲ ತಟ್ಟು ಮತ್ತು ಬೀಸು, ಒಟ್ಟು ಎಂಟು ಅಕ್ಷರ. ಮೃದಂಗ ಮೌನವಾಗಿದ್ದಾಗಲೂ ಆ ಕೈ ನಿಲ್ಲುವುದಿಲ್ಲ, ಗಾಯಕರು ಸಮಕ್ಕೆ ಒಂದೂವರೆ ಅಕ್ಷರ ಬಿಟ್ಟು ಪಲ್ಲವಿ ಎತ್ತಿಕೊಂಡರೂ ತಡವರಿಸುವುದಿಲ್ಲ. ಶಬ್ದ ಇಲ್ಲದ ಜಾಗದಲ್ಲೂ ಪೆಟ್ಟು ಇದೆ ಎಂದಾದರೆ ಅದು ಇರುವುದು ಕೇಳುವವರ ತಲೆಯಲ್ಲಿ. 2009ರಲ್ಲಿ ಹಂಗೇರಿಯ ವಿಜ್ಞಾನಿಗಳು ನವಜಾತ ಶಿಶುಗಳು ನಿದ್ದೆಯಲ್ಲಿದ್ದಾಗ ಡ್ರಮ್ ಕೇಳಿಸಿ, ಮುಖ್ಯ ಪೆಟ್ಟನ್ನು ಮಾತ್ರ ತಪ್ಪಿಸಿ ನೋಡಿದರು. ಬರಬೇಕಾದದ್ದು ಬರಲಿಲ್ಲ ಎಂಬುದನ್ನು ಮಿದುಳಿನ ವಿದ್ಯುತ್ ಅಲೆಗಳು ತೋರಿಸಿದವು. ಇನ್ನು ದೊಡ್ಡವರು ಕೈಕಾಲು ಆಡಿಸದೆ ಬರೀ ಕೇಳುತ್ತಿದ್ದರೂ, ಚಲನೆಯನ್ನು ಯೋಜಿಸುವ ಮಿದುಳಿನ ಭಾಗಗಳು ಪೆಟ್ಟಿಗೆ ಎಚ್ಚೆತ್ತುಕೊಳ್ಳುತ್ತವೆ ಎಂದು ಸ್ಕ್ಯಾನ್‌ಗಳು ಹೇಳುತ್ತವೆ. ಕುಳಿತಲ್ಲೇ ಮಿದುಳು ಕುಣಿಯುತ್ತಿರುತ್ತದೆ.

ಪ್ರಾಣಿಗೂ ಇದು ಸಾಧ್ಯವೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ: ಹಾಡಿನ ವೇಗವನ್ನು ಬದಲಿಸುವುದು. ಅಮೆರಿಕದ ಸ್ನೋಬಾಲ್ ಎಂಬ ಬಿಳಿ ಕಾಕಟೂ ಗಿಳಿ ಹಾಡಿಗೆ ತಲೆಯಾಡಿಸುವ ವಿಡಿಯೊ ಜಗತ್ತನ್ನೆಲ್ಲ ಸುತ್ತಿದಾಗ, ನರವಿಜ್ಞಾನಿ ಅನಿರುದ್ಧ ಪಟೇಲ್ ಮತ್ತು ಸಂಗಡಿಗರು ಅದೇ ಹಾಡನ್ನು 11 ಬೇರೆ ಬೇರೆ ವೇಗಗಳಲ್ಲಿ ಕೇಳಿಸಿದರು. ಇಡೀ ಹೊತ್ತು ಅಲ್ಲದಿದ್ದರೂ ಆಗಾಗ ಗಿಳಿ ತನ್ನ ಕುಣಿತದ ವೇಗವನ್ನೂ ಬದಲಿಸಿ ಹಾಡಿಗೆ ಸರಿಹೊಂದಿತು. ಅದು ಕಾಕತಾಳೀಯವಲ್ಲ ಎಂದು 2009ರಲ್ಲಿ ಲೆಕ್ಕಸಮೇತ ತೋರಿಸಿದರು. ನಮಗೆ ಹತ್ತಿರದ ನೆಂಟನಾದ ರೀಸಸ್ ಕೋತಿಯ ಮೇಲೆ ಅದೇ ವರ್ಷ ಪ್ರಕಟವಾದ ಅಧ್ಯಯನ ಬೇರೆಯೇ ಕಥೆ ಹೇಳಿತು. ದೀರ್ಘ ತರಬೇತಿ ಕೊಟ್ಟರೂ ಕೋತಿಗಳ ತಟ್ಟು ಪ್ರತಿ ಶಬ್ದದ ಹಿಂದೆಯೇ ಬೀಳುತ್ತಿತ್ತು. ಮುಂದೆ ಬೇರೆ ಕ್ರಮದ ತರಬೇತಿಯಲ್ಲಿ ಅವು ಸ್ವಲ್ಪ ಸುಧಾರಿಸಿದವಾದರೂ, ಮನುಷ್ಯರ ಮಗುವಿಗೆ ತಾನಾಗಿಯೇ ಒಲಿಯುವ ಸಲೀಸು ಬರಲಿಲ್ಲ.

ಹಾಗಾದರೆ ಗಿಳಿಗೆ ಬಂದದ್ದು ಕೋತಿಗೇಕೆ ಬಾರದು? ಕೇಳಿದ ಧ್ವನಿಯನ್ನು ಅನುಕರಿಸಿ ನುಡಿಯಬಲ್ಲ ಜೀವಿಗಳಲ್ಲಿ ಕಿವಿಗೂ ಚಲನೆಗೂ ಮಿದುಳಿನೊಳಗೆ ಗಟ್ಟಿ ದಾರಿ ಇರುತ್ತದೆ, ತಾಳವೂ ಅದೇ ದಾರಿಯಲ್ಲಿ ನಡೆಯುತ್ತದೆ ಎಂಬುದು ಪಟೇಲರ ಊಹೆ. ಇದಕ್ಕೆ ದೊಡ್ಡ ಆಕ್ಷೇಪಣೆ ತಂದದ್ದು ರೋನನ್ ಎಂಬ ಕಡಲಸಿಂಹ. ಧ್ವನಿ ಅನುಕರಣೆಗೆ ಹೆಸರಾಗದ ಈ ಪ್ರಾಣಿ ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ತರಬೇತಿ ಪಡೆದು, ಹಿಂದೆ ಕೇಳದ ವೇಗಗಳಿಗೂ ಹಾಡುಗಳಿಗೂ ತಲೆಯಾಡಿಸಿತು. ಮೊದಲ ವರದಿ 2013ರಲ್ಲಿ ಬಂತು. 2025ರ ಅಧ್ಯಯನದಲ್ಲಿ ಅದರ ನಿಖರತೆ ಹೋಲಿಕೆಗೆ ಕರೆತಂದ ಕಾಲೇಜು ವಿದ್ಯಾರ್ಥಿಗಳನ್ನೂ ಮೀರಿಸಿತ್ತು. ಪಟೇಲರ ಊಹೆ ಇದರಿಂದ ಸಡಿಲವಾಗಿದೆ ನಿಜ. ಆದರೆ ಇಲ್ಲಿನ ಮುಖ್ಯ ವಾದಕ್ಕೆ ರೋನನ್ ಬಲವನ್ನೇ ಕೊಡುತ್ತದೆ. ವೇಗ ಬದಲಾದಾಗ ತಾನೂ ಬದಲಾಗಿ, ಹಿಂದೆ ಬೀಳದೆ ಪೆಟ್ಟಿನೊಂದಿಗೇ ಸೇರುವುದು ಮುಂದಿನ ಪೆಟ್ಟನ್ನು ಅಂದಾಜಿಸುವವರಿಗೆ ಮಾತ್ರ ಸಾಧ್ಯ, ಆ ಶಕ್ತಿ ಯಾವ ದಾರಿಯಿಂದ ಬಂದಿದ್ದರೂ ಸರಿ.

‘ಕುದುರೆಯ ನಡಿಗೆಯಲ್ಲೇ ಲಯವಿದೆಯಲ್ಲ, ಅದು ಸಾಲದೇ?’ ಎಂದು ಕೇಳಬಹುದು. ಸಾಲದು. ಸಮ ವೇಗದಲ್ಲಿ ಹೆಜ್ಜೆ ಹಾಕುವುದು ಒಂದು, ಇನ್ನೊಬ್ಬರ ಪೆಟ್ಟಿಗೆ ಹೆಜ್ಜೆ ಹೊಂದಿಸುವುದು ಇನ್ನೊಂದು. ಥಾಯ್ಲೆಂಡ್‌ನ ಆನೆಗಳ ವಾದ್ಯವೃಂದವನ್ನು ಪಟೇಲ್ ಮತ್ತು ಅವರ ಸಹೋದ್ಯೋಗಿ ಐವರ್ಸನ್ ಅಳೆದಾಗ, ಒಂದು ಆನೆ ಬಹಳ ಸ್ಥಿರವಾದ ಲಯದಲ್ಲಿ ಡೋಲು ಬಾರಿಸಿತು. ಆದರೆ ಜೊತೆಯ ಆನೆಯೊಂದಿಗೆ ತಾಳ ಕೂಡಲಿಲ್ಲ. ಕುದುರೆಯ ವಿಷಯದಲ್ಲಂತೂ ವಾದ್ಯದ ಪೆಟ್ಟನ್ನು ಅದು ತಾನಾಗಿಯೇ ಅನುಸರಿಸುತ್ತದೆ ಎಂಬುದು ಇಂದಿಗೂ ಸಾಬೀತಾಗಿಲ್ಲ. ಯುರೋಪಿನ ಡ್ರೆಸಾಜ್ ಎಂಬ ಕುದುರೆ ಸವಾರಿ ಸ್ಪರ್ಧೆಗಳಲ್ಲಿ ಕುದುರೆ ಸಂಗೀತಕ್ಕೆ ಕುಣಿದಂತೆ ಕಾಣುತ್ತದೆ. ಅಲ್ಲಿ ಕುದುರೆಯ ನಡೆಯನ್ನು ಮೊದಲು ಅಳೆದು ಅದಕ್ಕೆ ತಕ್ಕ ಸಂಗೀತವನ್ನು ಜೋಡಿಸಿರುತ್ತಾರೆ. ಬರಾತಿನಲ್ಲೂ ಲಗಾಮು ಹಿಡಿದವರ ಕೈ ಸನ್ನೆ ಕೊಡುತ್ತಿರುತ್ತದೆ, ಅನುಭವಿ ವಾದಕರು ಕುದುರೆಯ ಕಾಲನ್ನು ನೋಡಿಕೊಂಡು ಪೆಟ್ಟು ಹೊಂದಿಸಬಲ್ಲರು. ತಂಡ ಹಠಾತ್ತನೆ ವೇಗ ಏರಿಸಿದಾಗ, ಲಗಾಮು ಸಡಿಲವಾಗಿರುವಾಗ, ಕುದುರೆಯ ಕಾಲು ತಾನಾಗಿ ಹೊಸ ವೇಗ ಹಿಡಿಯುತ್ತದೆಯೇ? ನೋಡಬೇಕಾದದ್ದು ಇದನ್ನೇ.

ಕೊನೆಯ ಆಕ್ಷೇಪಣೆ ಮನುಷ್ಯರದ್ದೇ: ಎಲ್ಲರಿಗೂ ಹುಟ್ಟಿನಿಂದ ತಾಳ ಇದ್ದರೆ ಎಷ್ಟೋ ಜನ ತಪ್ಪುವುದೇಕೆ? ತಾಳವೇ ಹಿಡಿಯದ ಸ್ಥಿತಿ ಇದೆ, ಆದರೆ ಅಪರೂಪ. ಹೆಚ್ಚಿನವರು ತಪ್ಪುವುದು ಪರಿಚಯವಿಲ್ಲದ ಎಣಿಕೆಯಲ್ಲಿ. ಉತ್ತರ ಅಮೆರಿಕದ ಆರು ತಿಂಗಳ ಶಿಶುಗಳು ತಮ್ಮ ಮನೆಗಳಲ್ಲಿ ಕೇಳದ ಬಾಲ್ಕನ್ ನಾಡಿನ ವಿಷಮ ಲಯಗಳಲ್ಲೂ ತಪ್ಪನ್ನು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಸೂಕ್ಷ್ಮ ಮಂಕಾಗಿತ್ತು. ಆದರೆ ಆ ಸಂಗೀತವನ್ನು ಎರಡು ವಾರ ಮನೆಯಲ್ಲಿ ಕೇಳಿಸಿದಾಗ ಮತ್ತೆ ಮರಳಿತು. ನಮ್ಮ ಮಕ್ಕಳಿಗೆ ಐದರ ಖಂಡಚಾಪು, ಏಳರ ಮಿಶ್ರಚಾಪು ಸಹಜವಾಗಬೇಕಾದರೆ ಅವು ಎಳವೆಯಲ್ಲೇ ಕಿವಿಗೆ ಬೀಳಬೇಕು, ಕೈ ತಟ್ಟಿ ಎಣಿಸುವ ಅಭ್ಯಾಸವಾಗಬೇಕು. ತಾಳ ತಪ್ಪಿದ ಮಗುವನ್ನು ‘ನಿನಗೆ ತಾಳಜ್ಞಾನವೇ ಇಲ್ಲ’ ಎಂದು ಹಿಂದೆ ಕೂರಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು, ವೇಗ ತಗ್ಗಿಸಿ, ಇನ್ನೊಮ್ಮೆ ಎಣಿಸಲು ಕಲಿಸಿ.